ಲಾರಿ ಮೈದಾನದ ಬೂದಿ

ಬೂದಿ ಇನ್ನೂ ಬಿಸಿಯಾಗಿತ್ತು.

ಸುಲಭಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಹಾಕಿದಳು. ಸಿಕ್ಕಿದ್ದು ಒಂದು ಕರಕಲು ಕಟ್ಟಿಗೆ ಚೂರು. ಅದರಲ್ಲಿ ಬೆರಳುಗುರಿನಷ್ಟು ಕಿಟಕಿ. ಆ ಕಿಟಕಿಗೆ ನಿನ್ನೆ ಸಂಜೆ ನೀಲಿ ಬಣ್ಣ ಹಚ್ಚಿದವಳು ಅವಳೇ.

ಹಾವೇರಿ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಗಳು ಬಂದವು, ಮಂದಿ ಬಂದರು, ಮನೆಗಳು ಮಾತ್ರ ಬರಲಿಲ್ಲ. ಊರ ನಟ್ಟನಡುವೆ ಇದ್ದದ್ದು ಈ ಲಾರಿ ಮೈದಾನ—ಕೆಸರಿನಲ್ಲಿ ಎಮ್ಮೆ ಬಿದ್ದುಕೊಂಡಂತೆ ಹಗಲೆಲ್ಲ ಲಾರಿ ಬಿದ್ದುಕೊಂಡಿರುವ ಜಾಗ. ಲಾರಿಗಳನ್ನು ಹೆದ್ದಾರಿಯ ಮಗ್ಗುಲಿಗೆ ಕಳಿಸಬೇಕು; ಇಲ್ಲಿ ಒತ್ತೊತ್ತಾಗಿ ಓಣಿ ಕಟ್ಟಬೇಕು; ಕೆಳಗೆ ಅಂಗಡಿ, ಮೇಲೆ ಮನೆ; ಸಂತೆಗೂ ಶಾಲೆಗೂ ಮಂದಿ ನಡೆದೇ ಹೋಗಬೇಕು. ಇದು ಎಂಜಿನಿಯರ್ ಸುಲಭಾಳ ಯೋಜನೆ. ಕಾಗದದ ನಕ್ಷೆ ತೋರಿಸಿದಾಗ ಎಲ್ಲರೂ ತಲೆ ಕೆರೆದುಕೊಂಡಿದ್ದರು. ರಾಣೆಬೆನ್ನೂರಿನ ಬಡಿಗ ಶಾಬುದ್ದೀನನ ಕೈಲಿ ಇಡೀ ಓಣಿಯನ್ನು ಕಟ್ಟಿಗೆಯಲ್ಲಿ ಮಾಡಿಸಿ ಇಟ್ಟ ಮೇಲೆ ಅದೇ ಮಂದಿ ಬೆರಳಿಟ್ಟು ‘ಈ ಮನಿ ನಂದು’ ಎಂದು ಜಗಳಕ್ಕೆ ನಿಂತರು. ನಮ್ಮ ಊರಲ್ಲಿ ಜಗಳ ಶುರುವಾಯಿತೆಂದರೆ ಕೆಲಸ ಗಟ್ಟಿಯಾಯಿತೆಂದೇ ಲೆಕ್ಕ.

ಇವತ್ತು ಸಂಜೆ ಆ ಮಾದರಿಯನ್ನು ಮೈದಾನದ ನಡುವೆ ಇಟ್ಟು, ಅದರ ಸುತ್ತ ಒಂದು ಸುತ್ತು ಹಾಕಿ, ಲಾರಿಗಳೆಲ್ಲ ಊರು ಬಿಡಬೇಕಿತ್ತು. ಈಗ ಅದು, ರಾತ್ರಿ ಬೀಗ ಹಾಕಿ ಇಟ್ಟಿದ್ದ ಶೆಡ್ಡಿನ ಹಿಂದೆ, ಬೂದಿಯಾಗಿ ಬಿದ್ದಿತ್ತು.

"ಕೀಲಿ ಒಡದಿಲ್ಲ," ಎಂದ ಇನ್ಸ್‌ಪೆಕ್ಟರ್ ವಿರೂಪಾಕ್ಷ. ಬ್ಯಾಡಗಿಯವನು, ಜೇಬಿನಲ್ಲಿ ಸದಾ ಹುರಿದ ಶೇಂಗಾ. ಊರೇ ಹೊತ್ತಿ ಉರಿದರೂ ಒಂದು ಕಾಳು ಬಾಯಿಗೆ ಹಾಕಿಕೊಂಡೇ ಮಾತಾಡುವ ಪೈಕಿ. "ಕೀಲಿಕೈ ಯಾರ್‍ಯಾರ ಕಡೆ ಅದಾವ್ರಿ?"

"ಒಂದು ನನ್ನ ಹತ್ರ ಅದ," ಎಂದಳು ಸುಲಭಾ. "ಒಂದು ರಘೋತ್ತಮ ಕಾಕಾ ಅವರ ಹತ್ರ. ಇನ್ನೊಂದು..."

ಅವಳು ಕೈಗಂಟಿದ ಬೂದಿ ಒರೆಸಿಕೊಂಡಳು.

"ಇನ್ನೊಂದು?"

"ಮಲ್ಲಿಕಸಾಬರ ಹತ್ರ. ಮೊದಲ ಇದು ಅವರ ಲಾರಿ ಬುಕಿಂಗ್ ಶೆಡ್ಡ."

ಅಷ್ಟು ಸಿಕ್ಕಿದ್ದೇ ತಡ, ಚಹಾದಂಗಡಿ ಮೈಲಾರೆಪ್ಪ ಮುಂದೆ ನುಗ್ಗಿದ. "ಹೊಸ್ತಿಲದಾಗ ನೋಡ್ರಿ ಸಾಹೇಬ್ರ, ಮೆಣಸಿನಕಾಯಿ ಉದುರ್‍ಯಾವು. ನಿನ್ನಿ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಬಂದ ಲಾರಿ ಒಂದ. ಅದೂ ಅವಂದ."

ವಿರೂಪಾಕ್ಷ ಬಗ್ಗಿದ. ಹೊಸ್ತಿಲಲ್ಲಿ ಒಂದು ಹಿಡಿಯಷ್ಟು ಬಿದ್ದಿದ್ದವು—ಸುಕ್ಕು ಸುಕ್ಕಾದ ಗಾಢ ಕೆಂಪು ಕಾಯಿ. ಒಂದನ್ನು ಎತ್ತಿ ತಿರುಗಿಸಿದ. ತಲೆಯ ಕಡೆಯ ತೂತಿನಿಂದ ಬೀಜ ಉದುರಿತು. ಒಂದು ಬದಿ ಬಿರಿದಿತ್ತು. ಇನ್ನೊಂದು ಎತ್ತಿದ, ಅದನ್ನೂ ನೋಡಿದ. ಎಲ್ಲವನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡ.

"ಲಾರಿ ಹೋದ್ರ ನಿನ್ನ ಚಹಾ ಯಾರು ಕುಡಿತಾರೋ ಮೈಲಾರೆಪ್ಪ?"

ಮೈಲಾರೆಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. "ನನ್ನ ಕಡೆ ಕೀಲಿಕೈ ಇಲ್ರಿ," ಎಂದು ಹಿಂದೆ ಸರಿದ.

ಅಷ್ಟರಲ್ಲಿ ರಘೋತ್ತಮರು ಬಂದರು. ನಿವೃತ್ತ ಎಂಜಿನಿಯರ್, ಸುಲಭಾಳಿಗೆ ಗೆರೆ ಎಳೆಯುವುದನ್ನು ಕಲಿಸಿದವರು. ಮೈದಾನದ ಅಂಚಿಗೇ ಅವರ ಮನೆ. ಓಣಿಯ ಕನಸು ಮೊದಲು ಕಂಡವರೂ ಅವರೇ. ಓಣಿಯೊಳಗೆ ಒಂದು ರಿಕ್ಷಾ ಹೋಗುವಷ್ಟು ಜಾಗ ಬಿಡೋಣವೇ ಎಂದು ಅವಳು ಕೇಳಿದಾಗ ನಕ್ಷೆಯ ಮೇಲೆ ಕೈಯಿಟ್ಟು, "ದೇವರು ಕಾಲು ಯಾಕ ಕೊಟ್ಟಾನ? ನಡೀಲಿ," ಎಂದು ಅಡ್ಡಗೆರೆ ಎಳೆದಿದ್ದರು.

ಅವರು ಬೂದಿಯನ್ನೇ ನೋಡುತ್ತ ನಿಂತರು. ಮುಖ ಬಿಳಚಿತ್ತು.

"ಯಾರ ಹೆಸರೂ ಹೇಳಬ್ಯಾಡ್ರಿ," ಎಂದರು ಮೆಲ್ಲಗೆ. "ಲಾರಿ ಮಂದಿಗೆ ಮನಸ್ಸಿಲ್ಲ ಅಂದ್ರ ಬಿಡೋಣ ಸುಲಭಾ. ಜುಲುಮಿ ಬ್ಯಾಡ."

ಆ ಮಾತು ಅವಳ ಎದೆಗೆ ಚುಚ್ಚಿತು. ಕಾಕಾ ಕೂಡ ಕೈಬಿಟ್ಟರೆ?

* * *

ಮಲ್ಲಿಕಸಾಬ ತನ್ನ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ಲಾರಿ ಮಾಲಕರಲ್ಲಿ ಎಲ್ಲರಿಗಿಂತ ಹಿರಿಯ. ರಘೋತ್ತಮರ ಮಾತಿಗೆ ಎಲ್ಲರಿಗಿಂತ ಕಡೆಗೆ ಒಪ್ಪಿದವನೂ ಅವನೇ. ಗಂಡ ಸತ್ತ ಮಗಳು ಮುಮ್ತಾಜಬಿಗೆ ಮೂಲೆ ಅಂಗಡಿ ಸಿಗುತ್ತದೆ, ಅವಳು ಅಲ್ಲಿ ಹೊಲಿಗೆ ಮಷೀನು ಹಾಕುತ್ತಾಳೆ ಎಂದು ಸುಲಭಾ ಮಾದರಿಯಲ್ಲಿ ಬೆರಳಿಟ್ಟು ತೋರಿಸಿದ ದಿನ ಅವನ ಕಣ್ಣು ತುಂಬಿತ್ತು.

"ರಾತ್ರಿ ಎಲ್ಲಿದ್ರಿ?" ಎಂದ ವಿರೂಪಾಕ್ಷ.

"ಇದರಾಗ ಮಲಗಿದ್ದೆ."

"ನೋಡಿದವರು?"

"ಮಲಗಿದವನ್ನ ಯಾರು ನೋಡ್ತಾರ್‍ರೀ?"

"ಬೆಂಕಿ ವಾಸನಿ ಬರಲಿಲ್ಲ?"

"ಮೆಣಸಿನಕಾಯಿ ಚೀಲದ ಮಗ್ಗಲ ಮಲಗಿದಾವಗ ಬ್ಯಾರೆ ವಾಸನಿ ಎಲ್ಲಿ ಬರತೈತಿ?" ಅವನು ಎದ್ದು ನಿಂತ. "ಸಾಹೇಬ್ರ, ನನ್ನ ಠಾಣೆಗೆ ಒಯ್ಯೂದಾದ್ರ ಒಯ್ರಿ. ಆದ್ರ ಒಂದು ತಿಳ್ಕೊರಿ—ಆಮ್ಯಾಲೆ ಇಲ್ಲಿಂದ ಒಂದು ಲಾರೀನೂ ಕದಲೂದಿಲ್ಲ. ಕಳ್ಳನ ಪಟ್ಟ ಹೊತ್ಕೊಂಡು ಜಾಗಾ ಬಿಡೋ ಮಂದಿ ಅಲ್ಲ ನಾವು."

ಸುಲಭಾ ಸಾಲಾಗಿ ನಿಂತ ಲಾರಿಗಳನ್ನು ನೋಡಿದಳು. ಮಾದರಿ ಸುಟ್ಟರೆ ಶಾಬುದ್ದೀನ ಮತ್ತೊಂದು ಮಾಡಿಯಾನು. ಈ ಮುದುಕನ ಮನಸ್ಸು ಮುರಿದರೆ ಯಾವ ಬಡಿಗ ಕೂಡಿಸುತ್ತಾನೆ? ಸಂಜೆಯೊಳಗೆ ನಿಜ ಹೊರಬೀಳದಿದ್ದರೆ ಓಣಿ ಸತ್ತ ಹಾಗೆಯೇ.

ವಿರೂಪಾಕ್ಷ ಲಾರಿ ಹತ್ತಿದ. ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿ, ಒಂದು ಹಿಡಿ ತೆಗೆದು ನೋಡಿ, ಮತ್ತೆ ಹಾಕಿದ. ಇನ್ನೊಂದು ಚೀಲ. ಮತ್ತೊಂದು. ಕೆಳಗಿಳಿಯುವಾಗ ಅವನ ಬಾಯಿ ಶೇಂಗಾ ಅಗಿಯುವುದನ್ನು ನಿಲ್ಲಿಸಿತ್ತು.

"ನಡ್ರಿ ಬಾಯಾರ," ಎಂದ. "ರಘೋತ್ತಮರ ಮನಿಗೆ ಹೋಗೂಣು. ಮಲ್ಲಿಕಸಾಬರ, ನೀವೂ ಬರ್‍ರಿ."

"ಅವರ ಮನಿಗೆ ಯಾಕ?" ಎಂದಳು ಸುಲಭಾ.

"ಚಹಾ ಕುಡಿಯೂಣು."

* * *

ರಘೋತ್ತಮರ ಹೆಂಡತಿ ಇಂದಿರಾಬಾಯಿ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಹೋದ ದೀಪಾವಳಿಯಿಂದ ಅವರಿಗೆ ಕಾಲು ಬಿದ್ದುಹೋಗಿತ್ತು. ಕೈ ಮಾತ್ರ ಚುರುಕು. ವರ್ಷದ ಖಾರ ಕುಟ್ಟಿಸುವ ಕಾಲ ಇದು; ತೊಡೆಯ ಮೇಲೆ ಮೊರ, ಮೊರದ ತುಂಬ ಮೆಣಸಿನಕಾಯಿ. ತೊಟ್ಟು ಮುರಿಯುವುದು, ಉಗುರಿನಿಂದ ಹೊಟ್ಟೆ ಸೀಳುವುದು, ಒಳಗೆ ಇಣುಕುವುದು, ಬುಟ್ಟಿಗೆ ಹಾಕುವುದು.

"ಬಾರವ್ವ ಸುಲಭಾ. ಸುಟ್ಟದ್ದು ಖರೇನ? ಇವರು ಬಂದು ಹೇಳಿದ್ರು. ನನ್ನ ಕೈಕಾಲ ತಣ್ಣಗಾದವು."

ರಘೋತ್ತಮರು ಒಳಬಾಗಿಲಲ್ಲಿ ನಿಂತಿದ್ದರು. ಮಲ್ಲಿಕಸಾಬ ಹೊಸ್ತಿಲ ಹೊರಗೇ ಉಳಿದ.

"ಒಂದೊಂದ ಸೀಳಿ ನೋಡ್ತೀರೇನ್ರಿ ಅಮ್ಮಾ?" ವಿರೂಪಾಕ್ಷ ಮೊರದ ಪಕ್ಕ ನೆಲದ ಮೇಲೆ ಕೂತ. "ನಮ್ಮ ಬ್ಯಾಡಗ್ಯಾಗೂ ಇಷ್ಟು ಯಾರೂ ಮಾಡೂದಿಲ್ಲ."

"ಒಳಗ ಹುಳಾ ಇದ್ರ? ಹಂಗ ಕುಟ್ಟಿದ್ರ ಪಾಪ. ಊರ ಮಂದಿ ನಗತಾರ, ನಗಲಿ. ನನಗ ಬ್ಯಾರೆ ಏನು ಕೆಲಸ ಅದ?"

ವಿರೂಪಾಕ್ಷ ಕರ್ಚೀಫು ಬಿಚ್ಚಿ ಅವರ ಮುಂದೆ ಹಿಡಿದ.

"ಇವು ಯಾರವ್ರಿ ಅಮ್ಮಾ?"

ಅವರು ಕನ್ನಡಕ ಸರಿಮಾಡಿಕೊಂಡು ಒಂದನ್ನು ಎತ್ತಿ ನೋಡಿದರು. "ನನ್ನವ. ನಿಮಗೆಲ್ಲಿ ಸಿಕ್ಕವು?"

ಸುಲಭಾ ಕಾಕಾನ ಮುಖ ನೋಡಿದಳು. ನೋಡಬಾರದಿತ್ತು. ಕೇಳಬೇಕಾದ್ದೆಲ್ಲಕ್ಕೂ ಅಲ್ಲಿಯೇ ಉತ್ತರವಿತ್ತು. ಅವಳು ಕಂಬ ಹಿಡಿದುಕೊಂಡಳು.

"ಶೆಡ್ಡಿನ ಹೊಸ್ತಿಲದಾಗ," ಎಂದ ವಿರೂಪಾಕ್ಷ. ದನಿ ಏರಲಿಲ್ಲ. "ಲಾರಿಗೆ ಹೇರೋ ಮೆಣಸಿನಕಾಯಿಗೆ ತೊಟ್ಟು ಇರತೈತ್ರಿ. ಮಲ್ಲಿಕಸಾಬರ ಚೀಲ ನೋಡಿದೆ—ಎಲ್ಲಾಕ್ಕೂ ಐತಿ. ತೊಟ್ಟು ಬಿಡಿಸಿದ್ದು ಅಂದ್ರ ಮನಿ ಖಾರದ್ದು. ಅಂಥಾ ಮನಿ ಊರ ತುಂಬ ಅದಾವು. ಆದ್ರ ಹೊಟ್ಟಿ ಸೀಳಿದ್ದು? ಅದು ಮುಂಜಾನೆಯಿಂದ ನನ್ನ ತಲ್ಯಾಗ ಕೊರಿಯಾಕತ್ತಿತ್ತು. ಕೀಲಿಕೈ ಇದ್ದ ಮನಿ ಒಂದೊಂದ ನೋಡಬೇಕು ಅಂತ ಬಂದೆ. ಬಾಗಲದಾಗ ಕಾಲಿಟ್ಟ ಕೂಡಲೆ ಅಮ್ಮಾರ ಕೈ ಕಂಡೆ."

ಅವನು ರಘೋತ್ತಮರ ಕಡೆ ತಿರುಗಿದ.

"ಅಡಿಗಿ ಮನ್ಯಾಗ ಎಂದೂ ಕೆಲಸ ಮಾಡದ ಗಂಡಸಿಗೆ ಮೆಣಸಿನಕಾಯಿ ಅಂದ್ರ ಎಲ್ಲಾ ಒಂದ. ಕತ್ತಲದಾಗ ಬುಟ್ಟಿಯೊಳಗ ಕೈ ಹಾಕಿದ್ರಿ. ಲಾರಿಯಿಂದ ಉದುರಿದಂಗ ಕಾಣ್ಲಿ ಅಂತ ಹೊಸ್ತಿಲಕ್ಕ ಒಗದ್ರಿ. ಹೌದಲ್ರಿ?"

"ಮೆಣಸಿನಕಾಯಿ ಹೇರಿದ ಲಾರಿ ಒಂದ ಅದ, ಮಲ್ಲಿಕಸಾಬರ ಹೆಸರು ಬರತದ ಅಂತ ನಾ ತಿಳದಿರಲಿಲ್ಲ," ಎಂದರು ರಘೋತ್ತಮರು. "ಯಾರೋ ಲಾರಿ ಮಂದಿ ಅಂತ ಆಗಲಿ, ಎಲ್ಲಾ ನಿಂತು ಹೋಗಲಿ ಅಂತ..."

"ಯಾಕ ಕಾಕಾ?" ಸುಲಭಾಳ ದನಿ ಒಡೆಯಿತು. "ನೀವ ಕಲಿಸಿದ್ದಲ್ಲ? ನೀವ ಎಳದ ಗೆರಿ ಅಲ್ಲ?"

"ನಾನ ಎಳದದ್ದು. ಆವಾಗ ಇಕಿ ನಡೀತಿದ್ದಳು." ಅವರು ಹೆಂಡತಿಯ ಕಡೆ ನೋಡಲಿಲ್ಲ. "ಈಗ ಲಾರಿ ಸಂದಿಯೊಳಗ ರಿಕ್ಷಾ ಬಾಗಿಲತನಾ ಬರತದ, ದವಾಖಾನಿಗೆ ಒಯ್ತೇನಿ. ಓಣಿ ಆದ ಮ್ಯಾಲೆ? ಇಕೀನ್ನ ಹೊರಲಿಕ್ಕೆ ನನಗ ಶಕ್ತಿ ಇಲ್ಲ."

"ಒಂದು ಮಾತು ಹೇಳಿದ್ರ ಆಗ್ತಿರಲಿಲ್ಲೇನು? ಗೆರಿ ಸರಸ್ತಿದ್ದೆ. ರಿಕ್ಷಾಕ್ಕ ಜಾಗಾ ಬಿಡತಿದ್ದೆ."

"ಊರ ಮಂದಿಗೆಲ್ಲಾ ಕಾಲು ಯಾಕ ಅವ ಅಂತ ಕೇಳಿದಾವ, ನನ್ನ ಮನಿಗೊಂದು ಬ್ಯಾರೆ ನ್ಯಾಯ ಹೆಂಗ ಕೇಳಲಿ?"

ಮರ್ಯಾದೆ ಎಂಬ ಮೂರು ಕಾಸಿನ ಮಾತಿಗಾಗಿ ಮನುಷ್ಯ ಮನೆಗೇ ಬೆಂಕಿ ಇಡುತ್ತಾನೆ, ನೋಡಿ. ಸುಲಭಾಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಸಂಕಟ ಬಂತು.

ಇಂದಿರಾಬಾಯಿಯ ಮೊರ ತೊಡೆಯಿಂದ ಜಾರಿ ಬಿತ್ತು.

"ನನ್ನ ಸಲುವಾಗಿ ಸುಟ್ಟಿರೇನು?" ಎಂದರು. "ನನ್ನ ಒಂದು ಮಾತು ಕೇಳಿದ್ರೇನು? ವರ್ಷಾನುಗಟ್ಟಲೆ ಈ ಬಾಗಲದಾಗ ಲಾರಿ ಬೆನ್ನು ನೋಡೇನಿ. ನನಗಂತೂ ಎಲ್ಲಿಗೂ ಹೋಗಲಿಕ್ಕೆ ಆಗೂದಿಲ್ಲ. ಓಣಿನ ನನ್ನ ಬಾಗಲಿಗೆ ಬರತದ, ಮಂದಿ ಓಡಾಡತಾರ, ಯಾರರೆ ನಿಂತು ಮಾತಾಡಸ್ತಾರ ಅಂತ ಕಾಯಲಿಕತ್ತಿದ್ದೆ."

ರಘೋತ್ತಮರು ಗೋಡೆ ಹಿಡಿದು ಕೂತರು.

"ಜೀಪು ಹೊರಗ ಐತ್ರಿ," ಎಂದ ವಿರೂಪಾಕ್ಷ ಕಡೆಗೆ.

"ಬ್ಯಾಡ. ನಡದ ಬರತೇನಿ."

ಹೊಸ್ತಿಲಲ್ಲಿ ಮಲ್ಲಿಕಸಾಬ ದಾರಿ ಬಿಡಲಿಲ್ಲ. ಇಬ್ಬರು ಮುದುಕರೂ ಎದುರುಬದುರು ನಿಂತರು. ಸುಲಭಾ ಒಂದು ಹೆಜ್ಜೆ ಮುಂದೆ ಬಂದಳು. ಈಗ ಇವನು ‘ಲಾರಿ ತಗಿಯೂದಿಲ್ಲ’ ಎಂದರೆ ಯಾವ ಬಾಯಿಂದ ಬೇಡ ಅನ್ನುವುದು?

"ಎಂಜಿನೇರ ಸಾಹೇಬ್ರ, ನಿಮ್ಮ ಮಾತಿನ ಮ್ಯಾಲೆ ನಾ ಹೂಂ ಅಂದಿದ್ದೆ," ಎಂದ ಮಲ್ಲಿಕಸಾಬ. ಆಮೇಲೆ ಅವರನ್ನು ದಾಟಿ ಒಳಗೆ ಇಂದಿರಾಬಾಯಿಯ ಕಡೆ ನೋಡಿದ. "ಈಗ ಬಾಯಾರ ಮಾತಿನ ಮ್ಯಾಲೆ ಹೋಗ್ತೇನಿ. ಸುಲಭಾಬಾಯಿ, ಇವರ ಬಾಗಲಿಗೆ ರಿಕ್ಷಾ ಬರೂವಂಗ ಗೆರಿ ಎಳೀರಿ. ಎಳೀತೀರಲ್ಲ?"

ಅವಳು ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು.

ಸಂಜೆಯವರೆಗೆ ಅವನು ಕಾಯಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿಗಿದ್ದ ಅವನ ಲಾರಿ ಕೆಮ್ಮಿ, ಹೊಗೆ ಬಿಟ್ಟು, ಅಲುಗಾಡಿತು.

"ಸುಲಭಾ, ನನ್ನ ಕುರ್ಚಿ ಬಾಗಲ ಕಡೆ ತಿರುಗಸು," ಎಂದರು ಇಂದಿರಾಬಾಯಿ.

ಅವಳು ತಿರುಗಿಸಿದಳು. ಬಾಗಿಲಿಗೆ ಅಡ್ಡವಾಗಿದ್ದ ಲಾರಿ ಮೆಲ್ಲಗೆ ಸರಿಯಿತು. ಅದರ ಹಿಂದೆ ಒಂದು ತುಂಡು ಬಯಲು, ಅದರಾಚೆ ಬೀದಿ. ಆ ಬಯಲಲ್ಲಿ ಅವರಿಗೆ ಮೊದಲು ಕಂಡವರು ಪೊಲೀಸರ ನಡುವೆ ತಲೆ ತಗ್ಗಿಸಿ ನಡೆದು ಹೋಗುತ್ತಿದ್ದ ಅವರ ಗಂಡ.