ದುರ್ಗದ ಹಳ್ಳದಲ್ಲಿ ಮೀನಿನ ದಾರಿ

ಎಪ್ಪತ್ತೆಂಟರ ಮುಂಗಾರು. ಹುಲಿಯೂರುದುರ್ಗದ ಹಳ್ಳಕ್ಕೆ ಮೋರಿ ಕಟ್ಟಲು ಸಿಮೆಂಟ್ ಪೈಪು ಬಂದು ಬಿದ್ದಿದ್ದವು. ನೆಲದಿಂದ ಎರಡಡಿ ಮೇಲೆ ಪೈಪು ಕೂರಿಸಿದರೆ, ಹೊಸನೀರಿಗೆ ಮೊಟ್ಟೆಯಿಡಲು ಹತ್ತುವ ಮೀನುಗಳು ಅಲ್ಲೇ ನಿಂತುಬಿಡುತ್ತವೆ ಎಂದು ಓವರ್‌ಸಿಯರ್ ಸೈಫುಲ್ಲಾ ಬಡಕೊಂಡ. ಹಳ್ಳದ ನೆಲ ಹಾಗೇ ಇರಲಿ, ಎರಡು ದಂಡೆಗೂ ಗೋಡೆಯೆಬ್ಬಿಸಿ ಚಪ್ಪಡಿ ಹಾಸೋಣ ಎಂದು ನಕ್ಷೆಯನ್ನೂ ಬರೆದ. ಇಂಜಿನಿಯರ್ ನಕ್ಕರು. ಮೀನು ಬೆಟ್ಟ ಹತ್ತುವುದನ್ನು ನಾಳೆ ಸಂಜೆಯೊಳಗೆ ರುಜುವಾತು ಮಾಡಿದರೆ ಚಪ್ಪಡಿ, ಇಲ್ಲದಿದ್ದರೆ ಪೈಪು.

ಕೆಳಗೆ ಬಿಟ್ಟ ಮೀನು ಮೇಲೆ ಸಿಕ್ಕರೆ ಸಾಕಲ್ಲ ಎಂದು ಮೀನು ಹಿಡಿಯುವ ಗಿರಿಯಮ್ಮ ಉಪಾಯ ಹೇಳಿದಳು. ಕಾಡಿನ ದಾರಿ ಬಲ್ಲ ಅಡವಿಯಪ್ಪ ಬೆಳಗಾಗುತ್ತಲೇ ಮೀನು ಹಿಡಿಯಲು ನೀರಿಗೆ ಒಡ್ಡುವ ಬಿದಿರಿನ ಕೂಳಿ ಹೊತ್ತು ಮೇಲಿನ ಮಡುವಿಗೆ ಹೊರಟ. ಅವನು ಮಠದ ಭಕ್ತ, ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುವವನು. ಸಾಬರ ಮೇಲಿನ ವಿಶ್ವಾಸಕ್ಕೆ ಒಪ್ಪಿದ್ದ. ಅವನು ಹೋದಮೇಲೆ ಗಿರಿಯಮ್ಮ ಕೆಳಗೆ ಹನ್ನೆರಡು ಮೀನು ಹಿಡಿದು, ಗುರುತಿಗೆ ಬಾಲಕ್ಕೆ ಅರಿಶಿನದ ದಾರ ಕಟ್ಟಿ ನೀರಿಗೆ ಬಿಟ್ಟಳು.

ಮಧ್ಯಾಹ್ನ ಅವಳೂ ಸೈಫುಲ್ಲಾನೂ ಹಳ್ಳದಗುಂಟ ಹತ್ತಿದರು. ಇಕ್ಕೆಲದಲ್ಲೂ ಮನೆಯೆತ್ತರದ ಬಂಡೆ, ಲಂಟಾನ ಪೊದೆ, ನಡುವೆ ಕೆಂಪು ನೀರಿನ ಅಬ್ಬರ.

ಕಾಲು ಜಾರಿತು. ಸೈಫುಲ್ಲಾ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಗಿರಿಯಮ್ಮ ಅವನ ಕಾಲರಿಗೆ ಕೈ ಹಾಕಿ ಎಳೆದಳು.

"ಮೀನೇ ನಿಮ್ಗಿಂತ ಚೆಂದಾಗ್ ಹತ್ತದೆ ಸಾಬ್ರೇ, ಏಳಿ," ಎಂದಳು.

ಒಂದು ಚಪ್ಪಲಿ, ಛತ್ರಿ, ಮರ್ಯಾದೆ ಮೂರನ್ನೂ ಹಳ್ಳಕ್ಕೆ ಒಪ್ಪಿಸಿ ಮಡು ಮುಟ್ಟಿದರೆ ಕೂಳಿ ಖಾಲಿ. ಪಕ್ಕದಲ್ಲಿ ಅಡವಿಯಪ್ಪ ಒದ್ದೆಯಾಗಿ ಕೈಮುಗಿದು ಕೂತಿದ್ದ.

"ಮೂರ್ ಬಂದಿದ್ವು. ಬಾಲಕ್ಕೆ ಅರಿಶಿನದ ದಾರ ಇತ್ತು. ಯಾರೋ ಹರಕೆ ಬುಟ್ಟವ್ರೆ, ನಾನೆಂಗ್ ಇಟ್ಕೊಳ್ಳಾನ? ಮುಂದಕ್ಕೆ ಬುಟ್ಟೆ."

ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಗುತ್ತದೆ. ಸೈಫುಲ್ಲಾನಿಗೆ ಅದೂ ಇಲ್ಲ. ಅವನಿಗೆ ಅಳುವೇ ಬಂತು. ಮುಂದಿನ ವರ್ಷ ಪೈಪಿನ ಕೆಳಗೆ ಸಾಯುವ ಮೀನುಗಳೆಲ್ಲ ಕಣ್ಮುಂದೆ ಸುಳಿದವು.

ಸಂಜೆ ಅವನು ಇಂಜಿನಿಯರ್ ಮುಂದೆ ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದ. ಅವರು ಅಡವಿಯಪ್ಪನತ್ತ ತಿರುಗಿದರು.

"ದಾರದ ವಿಷ್ಯ ನಿಂಗ್ಯಾರು ಹೇಳಿದ್ರಯ್ಯಾ?"

"ಯಾರೂ ಹೇಳ್ಲಿಲ್ಲ ಬುದ್ಧಿ, ನಾನೇ ಕಣ್ಣಾರೆ ಕಂಡೆ. ಮೀನ್ ಮುಟ್ಟಿದ ಮೈಲಿಗೆಗೆ ಮೂರ್ ಸಲ ಮುಳುಗ್ದೆ." ಎದೆಯ ಲಿಂಗದ ಮೇಲೆ ಅವನ ಕೈಯಿತ್ತು, ಹಲ್ಲು ಇನ್ನೂ ಕಟಕಟ ಎನ್ನುತ್ತಿತ್ತು.

ಇಂಜಿನಿಯರ್ ಆ ಹಲ್ಲುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಪೈಪಿನ ನಕ್ಷೆಗೆ ಅಡ್ಡಗೆರೆ ಎಳೆದರು.

ಮರುವರ್ಷ ಚಪ್ಪಡಿಯಡಿಯಲ್ಲಿ ಮೀನು ಸಾಲುಸಾಲಾಗಿ ಹತ್ತಿದವು. ಸೈಫುಲ್ಲಾ ದಂಡೆಯಲ್ಲಿ ಕೂತು ಎಣಿಸಿದ. ಅಡವಿಯಪ್ಪ ಆ ಕಡೆ ಮುಖ ತಿರುಗಿಸಿ ನಿಂತು, "ಎಷ್ಟಾಯ್ತು ಸಾಬ್ರೇ?" ಎಂದು ಕೇಳುತ್ತಲೇ ಇದ್ದ.