ತಂತಿಯಿಲ್ಲದ ವೀಣೆ, ಹೊರೆ ಹೊರುವ ಎರಡು ಭೂತ

ಒಪ್ಪಂದ ಇಷ್ಟು: ನಾಗಲೆ ತನ್ನ ತಂತಿಯಿಲ್ಲದ ವೀಣೆಯನ್ನು ಬೆರಳು ಮುಟ್ಟಿದ ಕ್ಷಣವೇ ನುಡಿಸಬೇಕು, ಅರಮನೆಯ ಡಂಗುರವೂ ನಿಲ್ಲಬಾರದು. ಗೆದ್ದರೆ ಮಾಂತ್ರಿಕ ಧೂಮಕೇಶಿ ತಾನು ಊರಿನಿಂದ ಕದ್ದು ಜಡೆಯಲ್ಲಿ ಹೆಣೆದಿಟ್ಟಿದ್ದ ಹಾಡುಗಳನ್ನೆಲ್ಲ ಬಿಟ್ಟುಕೊಡಬೇಕು. ಮೂರು ಸಲ ತಪ್ಪಿದರೆ ನಾಗಲೆಯ ದನಿಯೂ ಅವನದೇ.

ಬಹುಕಾಲದ ಹಿಂದೆ ಸ್ವನಪುರದಲ್ಲಿ ಕುದುರಿದ ವ್ಯವಹಾರವಿದು. ಅಲ್ಲಿ ಯಾವ ಯಂತ್ರವನ್ನಾದರೂ ಬಿಚ್ಚಿ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಡಗಿಯ ಮಗಳು ನಾಗಲೆ ಹಾಗೆ ಕಟ್ಟಿದ ವೀಣೆಯ ಮಣೆ ಒತ್ತಿದರೆ ಅಂಕಿಗಳು ಉದುರುತ್ತಿದ್ದವು. ಅವನ್ನು ಹೊತ್ತು ಸದ್ದಿನ ಬಾಗಿಲು ದಾಟಿಸಿದರೆ ನಾದವಾಗುತ್ತಿದ್ದವು. ಅರಮನೆಯ ಡಂಗುರವೂ ಊರಿಗೆ ಕೇಳಬೇಕಾದರೆ ಅದೇ ಬಾಗಿಲು ದಾಟಬೇಕಿತ್ತು. ಬಾಗಿಲು ಕಾಯುತ್ತಿದ್ದ ಕಲ್ಲುಸಿಂಹ ಒಂದು ಸಲಕ್ಕೆ ಒಬ್ಬನೇ ಒಬ್ಬ ಹೊರೆಯಾಳನ್ನು ಒಳಗೆ ಬಿಡುತ್ತಿತ್ತು.

ನಾಗಲೆ ಮೊದಲು ಹೊರೆ ಹೊರಲು ಕೊಪ್ಪರಿಗೆ ಭೂತವನ್ನು ಕರೆದಳು. ವೀಣೆ, ಡಂಗುರ ಎರಡನ್ನೂ ಅವನು ಒಂದೇ ಕೊಪ್ಪರಿಗೆಗೆ ಸುರಿದುಕೊಂಡು ನಡೆದ. ಎರಡೂ ಕೇಳಿದವು, ಆದರೆ ಅವಳು ಬೆರಳೆತ್ತಿ ಎಷ್ಟೋ ಹೊತ್ತಿನ ಮೇಲೆ.

“ಏನಣ್ಣ, ಇಷ್ಟು ತಡ?”

“ಕೊಪ್ಪರಿಗೆ ತುಂಬದೆ ಹೊರಡೋಕೆ ನನಗೇನು ಹುಚ್ಚೇ, ತಾಯಿ?”

“ಒಂದು,” ಎಂದ ಧೂಮಕೇಶಿ.

ಎರಡನೆಯ ಸಲ ಗಳಿಗೆ ಭೂತ ಬಂದ. ಕೈಯಲ್ಲಿ ಪುಟ್ಟ ಬಟ್ಟಲು, ಕಾಲಲ್ಲಿ ಗಾಳಿ. ನಾದ ಬೆರಳಿಗೇ ಅಂಟಿಕೊಂಡು ಹೊಮ್ಮಿತು. ಆದರೆ ಡಂಗುರ ಹೊತ್ತ ಕೊಪ್ಪರಿಗೆ ಭೂತ ಹೊರಗೇ ಉಳಿದ.

“ಅವನನ್ನೂ ಬಿಡಪ್ಪ,” ಎಂದಳು ನಾಗಲೆ.

“ಒಬ್ಬನೇ,” ಎಂದಿತು ಸಿಂಹ.

“ಎರಡು,” ಎಂದ ಮಾಂತ್ರಿಕ. “ಗಂಟಲು ಸರಿಮಾಡಿಕೊ ಮಗಳೇ, ಒಳ್ಳೆಯ ಸ್ಥಿತಿಯಲ್ಲಿ ಕೊಡು.”

ಒಬ್ಬನನ್ನು ಓಡಿಸು ಎಂದರು ಊರವರು. ನಾಗಲೆ ಒಪ್ಪಲಿಲ್ಲ. ಇಬ್ಬರ ಕೆಲಸವೂ ಬೇಕಿತ್ತು. ಬೇಡವಾಗಿದ್ದದ್ದು ಬಾಗಿಲಿನ ಜಗಳ. ಕೊಪ್ಪರಿಗೆ ಭೂತವನ್ನು ಪಕ್ಕಕ್ಕೆ ಕರೆದು, “ನೀನು ಬಾಗಿಲಿಗೆ ಹೋಗಲೇಬೇಡ. ಡಂಗುರವನ್ನು ಗಳಿಗೆ ಭೂತದ ಬಟ್ಟಲಿಗೆ ಸುರಿ, ಸಾಕು,” ಎಂದಳು.

“ನಾನು ಇವನ ಕೈಕೆಳಗಾ?”

“ನಡೆಯುವವನು ಅವನು, ನಿಂತಿರುವವನು ನೀನು. ಯಾರು ಯಜಮಾನ, ನೀನೇ ಹೇಳು.”

ಕೊಪ್ಪರಿಗೆ ಭೂತ ಯೋಚಿಸಿ ಮೀಸೆ ತಿರುವಿದ.

“ಇವನಿಗೆ ನಾನು ಕಾಯೋದಿಲ್ಲ,” ಎಂದ ಗಳಿಗೆ ಭೂತ.

“ಕಾಯಬೇಡ. ಸುರಿದಷ್ಟನ್ನು ಹೊತ್ತುಕೊಂಡು ಓಡು. ಬಟ್ಟಲು ಮಾತ್ರ ಒಂದು ಬೆರಳು ಹೆಚ್ಚು ಆಳವಿರಲಿ. ಚೆಲ್ಲಿದರೆ ನಾದ ಚಟಪಟ ಒಡೆಯುತ್ತದೆ.”

ಮೂರನೆಯ ಸಲ ಸಿಂಹ ಒಬ್ಬನನ್ನೇ ಬಿಟ್ಟಿತು. ಅವನ ಬಟ್ಟಲಿನಲ್ಲಿ ಇಬ್ಬರ ಹೊರೆ. ನಾಗಲೆ ಮುಟ್ಟಿದಳು, ವೀಣೆ ನುಡಿಯಿತು, ಡಂಗುರವೂ ಮೊಳಗಿತು. ಧೂಮಕೇಶಿಯ ಜಡೆ ಬಿಚ್ಚಿ ಹಾಡುಗಳು ಹಿಂಡುಹಿಂಡಾಗಿ ಹಾರಿದವು. ಕೊನೆಯ ಹಾಡು ಹೊರಟಾಗ ಅಲ್ಲಿ ಮಾಂತ್ರಿಕನಿರಲಿಲ್ಲ, ಬರೀ ಹೊಗೆ.

ಆಮೇಲೆ ಊರೆಲ್ಲ ಸುಖವಾಗಿತ್ತು. ಬಂದದ್ದು: ಹೋದ ಹಾಡುಗಳಷ್ಟೂ, ಜಗಳವಾಡದ ಎರಡು ಭೂತ, ಮನೆಗೊಂದು ವೀಣೆ. ನಾಗಲೆಯ ದನಿ ನಾಗಲೆಯಲ್ಲೇ ಉಳಿಯಿತು. ಹೋದದ್ದು ಒಬ್ಬ ಮಾಂತ್ರಿಕ.