ಕೆಳದನಿ

ತೆರೆಯ ಮೇಲೆ ಹೆಣೆದುಕೊಂಡಿದ್ದ ಎರಡು ದನಿಗಳು ನಿಧಾನವಾಗಿ ಬೇರೆಯಾದವು. ಹಸಿರು ಗೆರೆ ನೀಲಾಂಬಿಕಾ ಅವರದು. ಅದರಡಿಯಲ್ಲಿ ಸಣ್ಣಗೆ ನಡುಗುತ್ತಿದ್ದ ಹಳದಿ ಗೆರೆ ತಂಗಿ ಮುಕ್ತಾಳದು. ಮರುಕ್ಷಣ ಹಳದಿ ಗೆರೆ ಮಾಯವಾಯಿತು. ಈಗ ಸ್ಪೀಕರಿನಲ್ಲಿ ನೀಲಾಂಬಿಕಾ ಅವರ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಇದಕ್ಕ ಸ್ವರಜರಡಿ ಅಂತ ಹೆಸರಿಟ್ಟೀವಿ, ಟೀಚರ್," ಎಂದರು ಡಾ. ಶಬಾನಾ ಕಿತ್ತೂರ.

ಗದಗಿನ ಶಾಲೆಯಲ್ಲಿ ನೀಲಾಂಬಿಕಾ ಅವರಿಂದ ಭೂಗೋಳ ಕಲಿತಿದ್ದ ಶಬಾನಾ ಈಗ ಧ್ವನಿವಿಜ್ಞಾನಿ. ನಿವೃತ್ತರಾದ ಟೀಚರು ತಂಗಿಯ ಜೊತೆ ಬಾಲ್ಯದ ನೆನಪುಗಳ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಚಾಲಕರಿಲ್ಲದ ಬಸ್ಸುಗಳಲ್ಲಿ ಓಡಾಡುವ ಜನ ಅದನ್ನು ಇಷ್ಟಪಟ್ಟು ಕೇಳುತ್ತಿದ್ದರು. ಆದರೆ ಇಬ್ಬರೂ ಒಟ್ಟಿಗೆ ಬಾಯಿ ಹಾಕುವುದರಿಂದ ಒಂದೂ ಅರ್ಥವಾಗುವುದಿಲ್ಲವೆಂದು ಎಲ್ಲರದೂ ದೂರು.

ಹಾಗಾಗಿ ನೀಲಾಂಬಿಕಾ ಸಂಕಲನದ ತಂತ್ರಾಂಶ ಹುಡುಕತೊಡಗಿದ್ದರು. ಮೊದಲನೆಯದು ಫ್ಯಾನಿನ ಸದ್ದು ತೆಗೆಯಿತೇ ಹೊರತು ದನಿಗಳ ಗೋಜಲು ಬಿಡಿಸಲಿಲ್ಲ. ಎರಡನೆಯದು ಅವರ ಗದಗಿನ ಮಾತನ್ನು ವಾರ್ತೆ ಓದುವವರ ಕನ್ನಡಕ್ಕೆ ತಿರುಗಿಸಿಬಿಟ್ಟಿತು. ಅದನ್ನು ಕೇಳಿ ಮುಕ್ತಾ, ನಮ್ಮ ಮನೆಗೆ ಯಾರೋ ಸಾಹೇಬರು ಬಂದಿದ್ದಾರೆಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅವಳು ಮನಸಾರೆ ನಕ್ಕದ್ದು ಅದೇ ಕೊನೆ. ಆಮೇಲೆ ಗಂಟಲು ಸರಿಯಿಲ್ಲವೆಂದು ಧ್ವನಿಮುದ್ರಣಕ್ಕೆ ಬರುವುದನ್ನೇ ನಿಲ್ಲಿಸಿದಳು. ಒಳ್ಳೆಯ ತಂತ್ರಾಂಶ ಸಿಕ್ಕರೆ ತಂಗಿ ಮರಳಿ ಬರುತ್ತಾಳೆಂದು ನಂಬಿ ನೀಲಾಂಬಿಕಾ ಈಗ ಶಬಾನಾ ಅವರ ಪ್ರಯೋಗಾಲಯಕ್ಕೆ ಬಂದಿದ್ದರು.

ಪ್ರತಿಯೊಬ್ಬರ ದನಿಗೂ ಬೆರಳಚ್ಚಿನಂತೆ ಒಂದು ಸ್ವರಮುದ್ರೆ ಇರುತ್ತದೆ, ಹತ್ತು ಜನ ಒಟ್ಟಿಗೆ ಮಾತಾಡಿದರೂ ಯಂತ್ರ ಅದನ್ನು ಗುರುತಿಸುತ್ತದೆ, ಗಟ್ಟಿ ದನಿಯನ್ನು ಉಳಿಸಿಕೊಂಡು ಮೆಲುದನಿಯನ್ನು ಸೋಸಿ ತೆಗೆಯುತ್ತದೆ ಎಂದು ಶಬಾನಾ ವಿವರಿಸಿದರು. ಸೋಸಿದ್ದು ಎಲ್ಲಿಗೆ ಹೋಗುತ್ತದೆಂದು ಟೀಚರು ಕೇಳಿದರು. ಒಂದು ಮೂಲೆಯಲ್ಲಿ ಬಿದ್ದಿರುತ್ತದೆ, ಯಾರೂ ಕೇಳುವುದಿಲ್ಲ, ನೀವು ಒಪ್ಪಿದರೆ ಅಳಿಸಿಬಿಡುತ್ತೇವೆ ಎಂದರು ಶಬಾನಾ. ಓದದೆ ಯಾವ ಉತ್ತರಪತ್ರಿಕೆಯನ್ನೂ ಪಕ್ಕಕ್ಕಿಟ್ಟವರಲ್ಲ ನೀಲಾಂಬಿಕಾ. ಒಮ್ಮೆ ಕೇಳಿಸು ಎಂದರು.

ಅದು ಸೊಲ್ಲಾಪುರದ ರೈಲು ನಿಲ್ದಾಣದ ಕಥೆ. ಚಿಕ್ಕಂದಿನಲ್ಲಿ ಇಬ್ಬರೂ ಅಲ್ಲಿ ದಾರಿ ತಪ್ಪಿದಾಗ ತಾವೇ ತಂಗಿಯನ್ನು ಅಪ್ಪನ ಬಳಿ ಕರೆತಂದದ್ದನ್ನು ನೀಲಾಂಬಿಕಾ ಸಾಕಷ್ಟು ರಂಗೇರಿಸಿ ಹೇಳಿದ್ದರು. ಈಗ ಅದರಡಿಯ ಮೆಲುದನಿ ಕೇಳಿಸಿತು: "ಅಕ್ಕಾ, ಅಳಾಕತ್ತಿದ್ದಾಕಿ ನೀನು. ನಾ ನಿನ್ನ ಕೈ ಹಿಡಕೊಂಡು ಬಂದೆ."

ನೀಲಾಂಬಿಕಾ ಅದನ್ನು ಮತ್ತೊಮ್ಮೆ ಹಾಕಿಸಿ ಕೇಳಿದರು. ಅದು ನಿಜ. ತಮ್ಮ ಕಥೆಯನ್ನೇ ಹೇಳಿ ಹೇಳಿ ನಡೆದದ್ದನ್ನು ಅವರೇ ಮರೆತಿದ್ದರು.

ಮುಂದಿನ ಸಂಚಿಕೆಗಳಲ್ಲಿ "ಅಕ್ಕಾ, ಅದು..." ಎಂದು ಶುರುವಾಗಿ ಅರ್ಧಕ್ಕೇ ನಿಂತ ಮಾತುಗಳಿದ್ದವು. ಬರಬರುತ್ತ ಅವೂ ಕಡಿಮೆಯಾದವು. ಕೊನೆಯ ಸಂಚಿಕೆಯಲ್ಲಿ ಕೆಳದನಿ ಇರಲೇ ಇಲ್ಲ. ಮುಕ್ತಾಳ ಗಂಟಲಿಗೆ ಏನೂ ಆಗಿರಲಿಲ್ಲವೆಂದು ಅವರಿಗೆ ಆಗ ಹೊಳೆಯಿತು.

"ಶಬಾನಾ, ಈ ಜರಡಿ ಉಲ್ಟಾ ಹಿಡಿಯಾಕ ಬರ್ತದೇನು?"

ಗಟ್ಟಿ ದನಿ ಸೋಸಿ ಮೆಲುದನಿ ಉಳಿಸುವುದು ಕಷ್ಟವಲ್ಲ, ಇದುವರೆಗೆ ಯಾರೂ ಕೇಳಿರಲಿಲ್ಲ ಅಷ್ಟೆ ಎಂದರು ವಿಜ್ಞಾನಿ.

ಹಾಗೆ ಸೋಸಿದ ರೈಲು ನಿಲ್ದಾಣದ ಸಂಚಿಕೆಯನ್ನು ಹಿಡಿದುಕೊಂಡು ನೀಲಾಂಬಿಕಾ ನೇರವಾಗಿ ತಂಗಿಯ ಮನೆಗೆ ಹೋದರು. ತನ್ನದೇ ದನಿ ಗಟ್ಟಿಯಾಗಿ ಕೇಳಿದಾಗ ಮುಕ್ತಾಳ ಮುಖ ಕೆಂಪಾಯಿತು. ಇದನ್ನು ಜನರಿಗೆ ಕೇಳಿಸಲೇ ಎಂದು ಅಕ್ಕ ಕೇಳಿದರು. ತುಸು ಯೋಚಿಸಿ, ನೀನು ಅಳುತ್ತಿದ್ದೆ ಎಂದದ್ದನ್ನು ಮಾತ್ರ ತೆಗೆಯಬೇಡ ಎಂದಳು ಮುಕ್ತಾ.

ಆ ಸಂಚಿಕೆ ಊರೂರು ಸುತ್ತಿತು. ಜನ ತಮ್ಮ ಮನೆಯ ಹಳೆಯ ಮುದ್ರಣಗಳನ್ನು ಸ್ವರಜರಡಿಗೆ ಹಾಕಿ ಮದುವೆ ಮಾತುಕತೆಯಲ್ಲಿ ಹುಡುಗಿ ಏನೆಂದಿದ್ದಳು, ಸಭೆಯಲ್ಲಿ ಹಿಂದಿನ ಸಾಲಿನವರು ಏನು ಕೇಳಿದ್ದರು ಎಂದು ಹುಡುಕತೊಡಗಿದರು. ದನಿ ಅಳಿಸಲೆಂದು ಕಟ್ಟಿದ ಯಂತ್ರವನ್ನು ಈಗ ದನಿ ಹುಡುಕಲೆಂದೇ ಕೊಳ್ಳುವವರು ಹೆಚ್ಚಾಗಿದ್ದರು. ಶಬಾನಾ ಬೆರಗಾದರು.

ಮುಂದಿನ ಧ್ವನಿಮುದ್ರಣಕ್ಕೆ ಮುಕ್ತಾ ಬಂದಳು. ನೀಲಾಂಬಿಕಾ ತುಟಿ ಬಿಗಿಹಿಡಿದು ಕೂತರು. ಬಾವಿಯಲ್ಲಿ ಈಜು ಕಲಿತದ್ದನ್ನು ಹೇಳುತ್ತಿದ್ದ ಮುಕ್ತಾ ನಡುವೆಯೇ ನಿಂತು ಅಕ್ಕನನ್ನು ನೋಡಿದಳು.

"ನೀ ಹಿಂಗ ಸುಮ್ಮನ ಕುಂತ್ರ ನನಗ ಹೆದರಿಕಿ ಆಗ್ತೈತಿ. ಏನಾರ ಅನ್ನು."

"ಮುಳುಗಬಾರದಂತ ಕುಂಬಳಕಾಯಿ ಕಟಗೊಂಡು ಇಳದಿದ್ದಿ, ಅದನ್ನೂ ಹೇಳು," ಎಂದರು ನೀಲಾಂಬಿಕಾ. ಕುಂಬಳಕಾಯಿ ಕಟ್ಟಿಕೊಂಡದ್ದು ನೀನು ಎಂದು ಮುಕ್ತಾ ದನಿಯೇರಿಸಿದಳು. ಇಬ್ಬರೂ ಒಟ್ಟಿಗೆ ಮಾತಾಡಿದರು, ಒಟ್ಟಿಗೆ ನಕ್ಕರು. ಯಾರ ಮಾತು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ. ನೀಲಾಂಬಿಕಾ ಅದನ್ನು ಯಾವ ತಂತ್ರಾಂಶಕ್ಕೂ ಹಾಕದೆ ಹಾಗೆಯೇ ಬಿತ್ತರಿಸಿದರು.